ಕೆಲಸದ ಮಧ್ಯದಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡ್ಕೊಂಡು ಕೂತಿದ್ದೀನಿ, ಭಾನುವಾರ ಅಜ್ಜಿ ತಿಥಿ. ಯಾರಾದ್ರೂ ದಾರಿ ತೋರಿಸಿ

ಗುಬ್ಬಿಗೇಟ್ ಅಕ್ಕ (ತುಮಕೂರು) | ಬುಧವಾರ ರಾತ್ರಿ 11:48

ನಮಸ್ಕಾರ. ನಾನು ಕಂಪ್ಯೂಟರ್ ಓದಿದೋಳಲ್ಲ, ಮನೆ ಮಟ್ಟಿಗೆ ವಿಡಿಯೊ ಕತ್ತರಿಸಿ ಅಂಟಿಸೋದು ಕಲ್ತಿದ್ದೀನಿ ಅಷ್ಟೇ. ಭಾನುವಾರ ನಮ್ಮಜ್ಜಿ ವರ್ಷದ ತಿಥಿ. ಊರಿಂದ, ಬೆಂಗಳೂರಿಂದ ಎಲ್ಲಾ ಬರ್ತಾರೆ. ಊಟ ಆದ್ಮೇಲೆ ಟಿವಿಗೆ ಹಾಕೋಣ ಅಂತ ಮೂರು ತಿಂಗಳಿಂದ 22 ನಿಮಿಷದ ವಿಡಿಯೊ ಮಾಡ್ತಿದ್ದೆ. ಅದರ ಜೀವ ಅಂದ್ರೆ 2005ರಲ್ಲಿ ನಮ್ಮ ಸೋದರಮಾವ ಮಿನಿ ಡಿವಿ ಟೇಪಲ್ಲಿ ತೆಗೆದದ್ದು. ಅಜ್ಜಿ ಹಜಾರದಲ್ಲಿ ಕಾಲು ಚಾಚಿ ಕೂತು ಅವರೆಕಾಳು ಹಿತಕ್ತಾ ಸೋಬಾನೆ ಹೇಳ್ತಾರೆ. ಅಜ್ಜಿ ದನಿ ನಮ್ಮ ಹತ್ರ ಇರೋದು ಅದೊಂದೇ ಟೇಪಲ್ಲಿ.

ಸಾಫ್ಟ್‌ವೇರು 2018ರಲ್ಲಿ ಡಿವಿಡಿ ಡಬ್ಬಿ ಸಮೇತ ದುಡ್ಡು ಕೊಟ್ಟು ತಗೊಂಡಿದ್ದು. ಕಂಪನಿ ಹೆಸರು ಬರೆಯಲ್ಲ, ಹಿಂದೆ ಇಲ್ಲಿ ಹೆಸರು ಹಿಡಿದು ಬೈದು ದೊಡ್ಡ ರಂಪ ಆಗಿತ್ತಲ್ಲ. ಇವತ್ತು ಅಣ್ಣನ ಮಗ ಐಫೋನಲ್ಲಿ ತೆಗೆದ ಎರಡು ತುಣುಕು ಪೆನ್‌ಡ್ರೈವಲ್ಲಿ ತಂದ್ಕೊಟ್ಟ. ಅದು ಓಪನ್ನೇ ಆಗ್ಲಿಲ್ಲ. "ಅತ್ತೆ, ನಿಮ್ದು ಓಬೀರಾಯನ ಕಾಲದ್ದು, ಅಪ್‌ಡೇಟ್ ಮಾಡಿ" ಅಂದ. ಮಾಡ್ದೆ. "ಪ್ರಾಜೆಕ್ಟನ್ನ ಹೊಸ ಆವೃತ್ತಿಗೆ ಬದಲಾಯಿಸಲೇ?" ಅಂತ ಕೇಳ್ತು. ಹೂಂ ಅಂದೆ.

ಈಗ ಟೈಮ್‌ಲೈನಲ್ಲಿ ಅರ್ಧಕ್ಕರ್ಧ ಕ್ಲಿಪ್ ಕೆಂಪಗಾಗಿ "ಫೈಲ್ ಸಿಗ್ತಿಲ್ಲ" ಅಂತಿದೆ. ಕನ್ನಡದಲ್ಲಿ ಬರ್ದಿದ್ದ ಹೆಸರೆಲ್ಲ ಯಾವ್ದೋ ಚಿಹ್ನೆ, ಕೊಂಬು ಆಗ್ಬಿಟ್ಟಿದೆ. ಅಜ್ಜಿ ಕೈ ಅಲ್ಲಾಡಿದಾಗೆಲ್ಲ ಬೆರಳು ಬಾಚಣಿಗೆ ಹಲ್ಲಿನ ಥರ ಸೀಳಿ ಸೀಳಿ ಕಾಣ್ಸುತ್ತೆ. ಐಫೋನ್ ವಿಡಿಯೊ ಆಮೇಲೂ ತೆಗೀತಿಲ್ಲ, ಅದು ಬೇರೆ.

ಕಂಪ್ಯೂಟರ್ 2016ರದು. ಐ5, 8 ಜಿಬಿ ರ‍್ಯಾಮ್, ಜಿಟಿ 710 ಗ್ರಾಫಿಕ್ ಕಾರ್ಡ್, ವಿಂಡೋಸ್ 10. ಕೈ ನಡುಗ್ತಾ ಇದೆ.

ಸ್ಟುಡಿಯೋ ಅಣ್ಣ (ತಿಪಟೂರು) | ಬುಧವಾರ ರಾತ್ರಿ 11:55

ಸೇವ್ ಒತ್ಬೇಡಿ. ಒತ್ಬೇಡಿ. "ಸೇವ್ ಮಾಡ್ಲಾ?" ಅಂತ ಕೇಳಿದ್ರೆ ಬೇಡ ಅಂದು ಮುಚ್ಚಿ. ಮಿಕ್ಕಿದ್ದು ಬೆಳಗ್ಗೆ ಮಾತಾಡೋಣ, ಮಲ್ಕೊಳ್ಳಿ.

ಮುಳಬಾಗಿಲು ದೋಸೆ | ಗುರುವಾರ ಬೆಳಗ್ಗೆ 6:30

ಕೆಲ್ಸದ ಮಧ್ಯೆ ಅಪ್‌ಡೇಟ್ ಮಾಡೋದೂ ಒಂದೇ, ಒಗ್ಗರಣೆ ಸಿಡೀತಿರುವಾಗ ಒಲೆ ಬದಲಾಯ್ಸೋದೂ ಒಂದೇ.

ಗುಬ್ಬಿಗೇಟ್ ಅಕ್ಕ | ಗುರುವಾರ ಬೆಳಗ್ಗೆ 6:41

ಅಣ್ಣ, ಗಾಬರಿಯಲ್ಲಿ ಒಂದ್ಸಲ ಸೇವ್ ಒತ್ತಿದ್ದೆ ಅನ್ಸುತ್ತೆ 😞

ಲಿನಕ್ಸ್ ಮೇಷ್ಟ್ರು (ಚಿಕ್ಕಬಳ್ಳಾಪುರ) | ಗುರುವಾರ ಬೆಳಗ್ಗೆ 7:02

ನಾನು ವರ್ಷಾನುಗಟ್ಟಲೆಯಿಂದ ಹೇಳ್ತಾ ಬಂದಿದ್ದೀನಿ, ಬಾಗಿಲು ಮುಚ್ಚಿದ ಸಾಫ್ಟ್‌ವೇರ್ ನಂಬ್ಕೊಂಡ್ರೆ ಇದೇ ಗತಿ ಅಂತ. ನಿಮ್ಮ ಪ್ರಾಜೆಕ್ಟ್ ಫೈಲ್ ಒಳಗೆ ಏನಿದೆ ಅಂತ ನಿಮಗೇ ಗೊತ್ತಿಲ್ಲ. ಕೆಡೆನ್‌ಲೈವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಬಳಸಿ. 2002ರಲ್ಲಿ ಶುರುವಾದದ್ದು, ಈಗ ಕೆಡಿಇ ಅನ್ನೋ ಮುಕ್ತ ಸಾಫ್ಟ್‌ವೇರ್ ಬಳಗದವರು ನೋಡ್ಕೊಳ್ತಾರೆ. ಲಿನಕ್ಸ್‌ಗೂ ಇದೆ, ವಿಂಡೋಸ್‌ಗೂ ಇದೆ, ದುಡ್ಡಿಲ್ಲ. ಅದರ ಪ್ರಾಜೆಕ್ಟ್ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೆದು ಓದಬಹುದು, ಬರೀ ಎಕ್ಸ್‌ಎಂಎಲ್. ಕ್ಲಿಪ್ ಇರೋ ದಾರಿ ಬದಲಾಯ್ತಾ? ಫೈಂಡ್ ಅಂಡ್ ರಿಪ್ಲೇಸ್ ಹೊಡೀರಿ, ಮುಗೀತು.

ಶಿರಾ ಗೇಟ್ | ಗುರುವಾರ ಬೆಳಗ್ಗೆ 7:10

ಮೇಷ್ಟ್ರೆ, ಮನೆಗೆ ಬೆಂಕಿ ಬಿದ್ದಿದೆ ಅಂತ ಬಂದೋರಿಗೆ ಹೊಸ ಸೈಟ್ ತೋರಿಸ್ತಿದ್ದೀರಲ್ಲ. ತಿಥಿಗೆ ಇನ್ನು ಮೂರು ದಿನ.

ಕೋಲಾರದ ಹುಡ್ಗ | ಗುರುವಾರ ಬೆಳಗ್ಗೆ 7:14

ಅಲ್ಲ ಮೇಷ್ಟ್ರೆ, ನಿಮ್ಮ ಕೆಡೆನ್‌ಲೈವಲ್ಲೂ 20.08 ಬಂದಾಗ ಪ್ರಾಜೆಕ್ಟ್ ಫೈಲ್ ಬದಲಾಯ್ತಲ್ವಾ? ಅದರಲ್ಲಿ ಸೇವ್ ಮಾಡಿದ್ದು ಹಳೇದ್ರಲ್ಲಿ ತೆಗೀತಿರ್ಲಿಲ್ಲ. ಎಲ್ಲರ ಮನೆ ದೋಸೇನೂ ತೂತೇ.

ಲಿನಕ್ಸ್ ಮೇಷ್ಟ್ರು | ಗುರುವಾರ ಬೆಳಗ್ಗೆ 7:25

ಬದಲಾಯ್ತು, ಇಲ್ಲ ಅನ್ನಲ್ಲ. ಕೆಲವು ದೇಶದಲ್ಲಿ ದಶಮಾಂಶಕ್ಕೆ ಚುಕ್ಕಿ ಬದಲು ಅಲ್ಪವಿರಾಮ ಹಾಕ್ತಾರೆ. ಒಬ್ಬರ ಫೈಲ್ ಇನ್ನೊಬ್ಬರಲ್ಲಿ ತೆಗೆದ್ರೆ ಎಡವಟ್ಟಾಗ್ತಿತ್ತು. ಅದನ್ನ ಸರಿ ಮಾಡೋಕೆ ಬದಲಾಯಿಸಿದ್ರು. ಯಾಕೆ ಅಂತ ಬಾಯ್ಬಿಟ್ಟು ಹೇಳಿದ್ರು. ವ್ಯತ್ಯಾಸ ಇರೋದು ಅಲ್ಲಿ.

ಸ್ಟುಡಿಯೋ ಅಣ್ಣ | ಗುರುವಾರ ಬೆಳಗ್ಗೆ 8:20

ಅಕ್ಕ, ಈ ಜಗಳ ಬಿಡಿ, ಇದು ಮುಗಿಯೋದಲ್ಲ. ಒಂದೊಂದಾಗಿ ಬರೋಣ.

ಮೊದಲು ಕೆಂಪು ಕ್ಲಿಪ್. ಪ್ರಾಜೆಕ್ಟ್ ಫೈಲ್ ಒಳಗೆ ವಿಡಿಯೊ ಇರಲ್ಲ. ಲಗ್ನಪತ್ರಿಕೆ ಹಂಚೋ ಪಟ್ಟಿ ಇರುತ್ತಲ್ಲ, ಹಾಗೆ. ಯಾರು, ಯಾವ ಬೀದಿ, ಯಾವ ಮನೆ ಅಂತ ಅಷ್ಟೇ ಬರ್ದಿರುತ್ತೆ. ಮನೆ ಬದಲಾಯ್ಸಿದ್ರೆ ಪತ್ರಿಕೆ ವಾಪಸ್. ನಿಮ್ಮ ಟೇಪಿನ ಫೈಲೆಲ್ಲ ಎಲ್ಲಿದೆ? ಹೊರಗಿನ ಹಾರ್ಡ್ ಡಿಸ್ಕಲ್ಲಾ? ಆ ಡಿಸ್ಕು ಮೊದಲು ಯಾವ ಅಕ್ಷರದಲ್ಲಿ ಬರ್ತಿತ್ತು, ಈಗ ಯಾವ ಅಕ್ಷರದಲ್ಲಿ ಬರ್ತಿದೆ? ನೋಡಿ ಹೇಳಿ.

ಗುಬ್ಬಿಗೇಟ್ ಅಕ್ಕ | ಗುರುವಾರ ಬೆಳಗ್ಗೆ 8:52

ಯಾವಾಗ್ಲೂ ಇ. ಈಗ ನೋಡಿದ್ರೆ ಎಫ್! ಇ ಅಂತ ಇರೋದು ಅಣ್ಣನ ಮಗನ ಪೆನ್‌ಡ್ರೈವು. ನಿನ್ನೆ ಅದನ್ನ ಮೊದ್ಲು ಚುಚ್ಚಿ, ಆಮೇಲೆ ಡಿಸ್ಕ್ ಹಾಕ್ದೆ. ಹಾಗೇ ಬಿಟ್ಟಿದ್ದೆ.

ಸ್ಟುಡಿಯೋ ಅಣ್ಣ | ಗುರುವಾರ ಬೆಳಗ್ಗೆ 8:55

ನೋಡಿ. ಬೈಗುಳ ಪೂರ್ತಿ ಅಪ್‌ಡೇಟ್‌ಗೆ ಬಿತ್ತು, ತಪ್ಪು ಪೆನ್‌ಡ್ರೈವ್‌ದು. ಎರಡನ್ನೂ ಕಿತ್ತು, ಡಿಸ್ಕ್ ಮಾತ್ರ ಹಾಕಿ. ಆಗಲೂ ಎಫ್ ಅಂತಲೇ ಬಂದ್ರೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ಆ ಡಿಸ್ಕಿನ ಮೇಲೆ ರೈಟ್ ಕ್ಲಿಕ್, "ಚೇಂಜ್ ಡ್ರೈವ್ ಲೆಟರ್". ಅಲ್ಲೇ "ಫಾರ್ಮ್ಯಾಟ್" ಅಂತಾನೂ ಇರುತ್ತೆ. ಅದರ ತಂಟೆಗೆ ಹೋಗ್ಬೇಡಿ.

ಗುಬ್ಬಿಗೇಟ್ ಅಕ್ಕ | ಗುರುವಾರ ಬೆಳಗ್ಗೆ 9:20

ಬಂತು!!! ಎಲ್ಲಾ ಕೆಂಪೂ ಹೋಯ್ತು. ಅಣ್ಣ, ನಿಮ್ಮ ಬಾಯಿಗೆ ಸಕ್ಕರೆ ಹಾಕ. ತಿಂಡಿ ಮಾಡಿ ಬರ್ತೀನಿ.

ಚಿಂತಾಮಣಿ ಕಡ್ಲೇಕಾಯಿ | ಗುರುವಾರ ಬೆಳಗ್ಗೆ 9:40

ಐಫೋನ್ ವಿಚಾರ ನಾನು ಹೇಳ್ತೀನಿ, ನಮ್ಮನೇಲೂ ಇದೇ ಪಾಡು ಇತ್ತು. 2017ರಲ್ಲಿ ಐಒಎಸ್ 11 ಬಂದಾಗಿಂದ ಹೊಸ ಐಫೋನೆಲ್ಲ ವಿಡಿಯೊನ ಎಚ್‌ಇವಿಸಿ ಅನ್ನೋ ರೂಪದಲ್ಲಿ ಇಡುತ್ತೆ. ಫೈಲು ಚಿಕ್ಕದಾಗುತ್ತೆ, ಆದ್ರೆ ಹಳೇ ಕಂಪ್ಯೂಟರ್‌ಗೆ ಅರಗಲ್ಲ. ವಿಂಡೋಸಲ್ಲಿ ಅದನ್ನ ನೋಡೋಕೇ ಸ್ಟೋರಿಂದ ಬೇರೆ ಎಕ್ಸ್‌ಟೆನ್ಷನ್ ಹಾಕ್ಕೋಬೇಕು, ಸಣ್ಣ ದುಡ್ಡು ಕೇಳುತ್ತೆ. ಅದು ಹಾಕಿದ್ರೂ ಎಲ್ಲಾ ಎಡಿಟಿಂಗ್ ಸಾಫ್ಟ್‌ವೇರೂ ಅದನ್ನ ಬಳಸಲ್ಲ.

ಸುಲಭದ ದಾರಿ ಹ್ಯಾಂಡ್‌ಬ್ರೇಕ್, ವಿಡಿಯೊ ರೂಪ ಬದಲಾಯ್ಸೋ ಸಾಫ್ಟ್‌ವೇರು. ಪುಕ್ಕಟೆ. ಎಚ್.264 ಆರಿಸಿ, ಫ್ರೇಮ್ ರೇಟಲ್ಲಿ "ಕಾನ್ಸ್ಟಂಟ್" ಒತ್ತಿ, ಎಂಪಿ4 ಮಾಡ್ಕೊಳ್ಳಿ. ಆ "ಕಾನ್ಸ್ಟಂಟ್" ಮರೀಬೇಡಿ. ಫೋನು ಒಂದೇ ಸಮನೆ ಸೆಕೆಂಡಿಗೆ 30 ಚಿತ್ರ ತೆಗೆಯಲ್ಲ, ಬೆಳಕು ನೋಡ್ಕೊಂಡು ಒಂದಷ್ಟು ಹೆಚ್ಚು, ಒಂದಷ್ಟು ಕಮ್ಮಿ. ನಮ್ಮ ತಂಗಿ ಸೀಮಂತದ ವಿಡಿಯೊದಲ್ಲಿ ಶುರುವಿಗೆ ಎಲ್ಲಾ ಸರಿ ಇತ್ತು. ಹತ್ತು ನಿಮಿಷ ಆಗೋ ಹೊತ್ತಿಗೆ ಬಾಯಿ ಮುಚ್ಚಿದ ಮೇಲೆ ಮಾತು ಬರ್ತಿತ್ತು.

ಇನ್ಮೇಲೆ ಅವನ ಫೋನಲ್ಲೇ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ "ಮೋಸ್ಟ್ ಕಂಪ್ಯಾಟಿಬಲ್" ಇಡೋಕೆ ಹೇಳಿ.

ಪಾವಗಡದ ಬಿಸಿಲು | ಗುರುವಾರ ಬೆಳಗ್ಗೆ 9:58

ಅಂದ್ರೆ ಅಪ್‌ಡೇಟ್ ಮಾಡೋ ಅವಶ್ಯಕತೆನೇ ಇರ್ಲಿಲ್ಲ. ಹುಡುಗ್ರ ಮಾತು ಕೇಳಿದ್ರೆ ಹಿಂಗೇ.

ನಂದಿಬೆಟ್ಟ ಬೈಕರ್ | ಗುರುವಾರ ಬೆಳಗ್ಗೆ 10:05

ಹುಡುಗ್ರನ್ನ ಯಾಕ್ ಬೈತೀರಾ ಸಾರ್, ಅವ್ನು ಒಳ್ಳೇದಕ್ಕೇ ಹೇಳಿದ್ದು. ಹಾಗೆ ನೋಡಿದ್ರೆ ವಿಂಡೋಸ್ 10 ಕಥೆನೇ 2025ರ ಅಕ್ಟೋಬರ್ 14ಕ್ಕೆ ಮುಗ್ದಿದೆ. ಅಕ್ಕಂದು 2016ರ ಮೆಷಿನ್, ಇಂಟೆಲ್ ಎಂಟನೇ ಪೀಳಿಗೆಗಿಂತ ಹಿಂದಿನದು, ವಿಂಡೋಸ್ 11ಕ್ಕೆ ಅರ್ಹತೆನೇ ಇಲ್ಲ. ಹೊಸ ಕಂಪ್ಯೂಟರ್ ತಗೊಳ್ಳಿ ಅಕ್ಕ.

ಶಿರಾ ಗೇಟ್ | ಗುರುವಾರ ಬೆಳಗ್ಗೆ 10:09

ಕೊಡ್ಸು ನೀನೇ.

ಸ್ಟುಡಿಯೋ ಅಣ್ಣ | ಗುರುವಾರ ಬೆಳಗ್ಗೆ 10:30

ಮುಗ್ದಿದೆ ಅಂದ್ರೆ ಕಂಪ್ಯೂಟರ್ ನಿಂತೋಗಲ್ಲ ತಮ್ಮ. ಮಾಮೂಲಿ ಭದ್ರತಾ ಅಪ್‌ಡೇಟ್ ನಿಲ್ಲುತ್ತೆ, ಅಷ್ಟೇ. ಮನೆಯವರಿಗೂ ಹೆಚ್ಚುವರಿ ಅಪ್‌ಡೇಟ್ ಯೋಜನೆ ಕೊಟ್ರಲ್ಲ, ನೋಂದಾಯಿಸಿಕೊಂಡ್ರೆ 2026ರ ಅಕ್ಟೋಬರ್ 13ರವರೆಗೆ. ನನ್ನ ಅಂಗಡೀಲಿ ಒಂದು ಎಡಿಟಿಂಗ್ ಮೆಷಿನ್‌ಗೆ ನೆಟ್ ವೈರೇ ಇಲ್ಲ. ಕ್ಯಾಮೆರಾ ಕಾರ್ಡ್ ಒಳಗೆ ಹೋಗುತ್ತೆ, ವಿಡಿಯೊ ಹೊರಗೆ ಬರುತ್ತೆ. ಬ್ಯಾಂಕ್ ವ್ಯವಹಾರ, ವಾಟ್ಸಾಪ್ ಎಲ್ಲಾ ಬೇರೆ ಮೆಷಿನ್.

ಲಿನಕ್ಸ್ ಮೇಷ್ಟ್ರು | ಗುರುವಾರ ಬೆಳಗ್ಗೆ 10:44

ಆ 2016ರ ಮೆಷಿನ್‌ಗೆ ಲಿನಕ್ಸ್ ಹಾಕಿದ್ರೆ ಇನ್ನೂ ಹತ್ತು ವರ್ಷ...

ಮುಳಬಾಗಿಲು ದೋಸೆ | ಗುರುವಾರ ಬೆಳಗ್ಗೆ 10:45

ಮೇಷ್ಟ್ರೆ 🙏

ಗುಬ್ಬಿಗೇಟ್ ಅಕ್ಕ | ಗುರುವಾರ ಮಧ್ಯಾಹ್ನ 12:35

ಹ್ಯಾಂಡ್‌ಬ್ರೇಕ್ ಹಾಕ್ದೆ, ಐಫೋನ್ ತುಣುಕು ಎರಡೂ ಬಂತು. ಇನ್ನು ಕನ್ನಡ ಹೆಸರು, ಅಜ್ಜಿ ಬೆರಳು. ಹೆಸರೆಲ್ಲ ನುಡಿ ಅನ್ನೋ ಕನ್ನಡ ಫಾಂಟಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಕಂಪ್ಯೂಟರಲ್ಲಿ ಇದ್ದೇ ಇದೆ, ಬೇರೆ ಕಡೆ ಸರಿಯಾಗಿ ಬರ್ತಿದೆ. ಇದರಲ್ಲಿ ಮಾತ್ರ ಇಲ್ಲ.

ಹುಣಸೆ ತೋಪು (ತುಮಕೂರು) | ಗುರುವಾರ ಮಧ್ಯಾಹ್ನ 1:02

ಮೇಡಂ, ಮೂವತ್ತು ವರ್ಷ ಡಿಟಿಪಿ ಮಾಡಿದೋನು ನಾನು. ಇದು ನನ್ನ ಕ್ಷೇತ್ರ.

ನುಡಿಯ ಹಳೇ ಫಾಂಟಲ್ಲಿ ನೀವು "ಅಜ್ಜಿ" ಅಂತ ಬರೆದಾಗ ಫೈಲ್ ಒಳಗೆ ಕನ್ನಡ ಇರೋದೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರ್ತಾರೆ. ಫಾಂಟ್ ಅನ್ನೋ ಕನ್ನಡಕ ಹಾಕ್ಕೊಂಡಿರೋತನಕ ಕನ್ನಡ, ತೆಗೆದ್ರೆ ಗೊಜ್ಜು. "ಬರಹ" ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಂದದ್ದು 1998ರಲ್ಲಿ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ನಮ್ಮ ಹೊಟ್ಟೆ ಹೊರೆದದ್ದೇ ಆ ಫಾಂಟ್‌ಗಳು, ಬೈಯಲ್ಲ. ಹೊಸ ಸಾಫ್ಟ್‌ವೇರು ಆ ಕನ್ನಡಕ ತೆಗೆದು ತನ್ನ ಫಾಂಟ್ ಹಾಕಿರುತ್ತೆ. ಟೈಟಲ್ ಆರಿಸಿ ಮತ್ತೆ ನುಡಿ ಫಾಂಟ್ ಕೊಟ್ಟು ನೋಡಿ.

ಕೋಲಾರದ ಹುಡ್ಗ | ಗುರುವಾರ ಮಧ್ಯಾಹ್ನ 1:15

ಇನ್ನೂ ನುಡಿನಾ? ಕನ್ನಡ ಕನ್ನಡವಾಗೇ ಉಳಿಯೋ ಯೂನಿಕೋಡ್ ಬಂದು ಎಷ್ಟು ವರ್ಷ ಆಯ್ತು! ವಿಂಡೋಸ್ ಎಕ್ಸ್‌ಪಿ ಕಾಲದಲ್ಲೇ ತುಂಗಾ ಫಾಂಟ್ ಇತ್ತು. ವಿಂಡೋಸ್ 8ರಿಂದ ನಿರ್ಮಲಾ ಇದೆ.

ಹುಣಸೆ ತೋಪು | ಗುರುವಾರ ಮಧ್ಯಾಹ್ನ 1:22

ಇದೆ ಸ್ವಾಮಿ. ಟೈಟಲ್ ಕೂರಿಸೋ ಜಾಗದಲ್ಲಿ ಯೂನಿಕೋಡಲ್ಲಿ "ಪುಟ್ಟಮ್ಮಜ್ಜಿ" ಅಂತ ಹೊಡೆದು ನೋಡಿ. ಎಷ್ಟೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಒತ್ತು ಕೆಳಗೆ ಇಳಿಯಲ್ಲ, ಪಕ್ಕದಲ್ಲಿ ಅರ್ಧಾಕ್ಷರ ಆಗಿ ನಿಲ್ಲುತ್ತೆ. ಪ್ರೀಮಿಯರ್ ಪ್ರೋನಲ್ಲೂ ಸೆಟ್ಟಿಂಗ್‌ಗೆ ಹೋಗಿ ದಕ್ಷಿಣ ಏಷ್ಯಾ ಭಾಷೆಗಳ ಟೆಕ್ಸ್ಟ್ ಎಂಜಿನ್ ಆರಿಸ್ಕೊಂಡ್ರೇ ಸರಿ ಬರೋದು. ಸ್ಟುಡಿಯೋದವರು ನುಡಿ ಬಿಡದೇ ಇರೋದು ಹಠಕ್ಕಲ್ಲ, ಒತ್ತಕ್ಷರಕ್ಕೆ.

ಲಿನಕ್ಸ್ ಮೇಷ್ಟ್ರು | ಗುರುವಾರ ಮಧ್ಯಾಹ್ನ 1:30

ಕೆಡೆನ್‌ಲೈವಲ್ಲಿ ಒತ್ತಕ್ಷರ ಸರಿಯಾಗಿ ಬರುತ್ತೆ. ಸುಮ್ನೆ ಹೇಳ್ದೆ.

ಹುಣಸೆ ತೋಪು | ಗುರುವಾರ ಮಧ್ಯಾಹ್ನ 1:36

ಈ ಒಂದು ಮಾತಲ್ಲಿ ಮೇಷ್ಟ್ರು ಸರಿ.

ಮೇಡಂ, ಎಲ್ಲದಕ್ಕಿಂತ ಗಟ್ಟಿ ದಾರಿ ಒಂದಿದೆ. ಪವರ್‌ಪಾಯಿಂಟಲ್ಲಿ ಯೂನಿಕೋಡಲ್ಲೇ ಹೆಸರು ದೊಡ್ಡದಾಗಿ ಟೈಪ್ ಮಾಡಿ. ಆ ಡಬ್ಬದ ಮೇಲೆ ರೈಟ್ ಕ್ಲಿಕ್ ಮಾಡಿ "ಸೇವ್ ಆಸ್ ಪಿಕ್ಚರ್" ಅಂದು ಪಿಎನ್‌ಜಿ ಮಾಡಿ. ಹಿಂದುಗಡೆ ಖಾಲಿ ಇರುತ್ತೆ, ವಿಡಿಯೊ ಮೇಲೆ ಇಟ್ರೆ ಅಕ್ಷರ ಮಾತ್ರ ಕಾಣುತ್ತೆ. ಅದು ಚಿತ್ರ. ನಾಳೆ ಸಾಫ್ಟ್‌ವೇರ್ ಬದಲಾದ್ರೂ, ಫಾಂಟ್ ಹೋದ್ರೂ, ಅಕ್ಷರ ಅಲ್ಲಾಡಲ್ಲ.

ಪಾವಗಡದ ಬಿಸಿಲು | ಗುರುವಾರ ಮಧ್ಯಾಹ್ನ 2:10

ನಮ್ಮ ಕಾಲದಲ್ಲಿ ಮೂವಿ ಮೇಕರ್ ಇತ್ತು. ತೆಗಿ, ಎಳಿ, ಕತ್ತರಿಸು. ಇಷ್ಟೆಲ್ಲ ಪುರಾಣ ಇರ್ಲಿಲ್ಲ.

ಚಿಂತಾಮಣಿ ಕಡ್ಲೇಕಾಯಿ | ಗುರುವಾರ ಮಧ್ಯಾಹ್ನ 2:18

ಹೂಂ ಸಾರ್, 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದದ್ದು, 2017ರ ಜನವರಿ 10ಕ್ಕೆ ಅದರ ಬೆಂಬಲ ನಿಲ್ಸಿದ್ರು. ಮೈಕ್ರೋಸಾಫ್ಟ್ 2021ರಲ್ಲಿ ಕ್ಲಿಪ್‌ಚಾಂಪ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಕೊಂಡುಕೊಂಡು ಈಗ ವಿಂಡೋಸ್ 11 ಜೊತೆ ಕೊಡ್ತಿದೆ. ಪುಕ್ಕಟೆಯಾಗಿ 1080ರವರೆಗೆ ವಾಟರ್‌ಮಾರ್ಕ್ ಇಲ್ದೆ ತೆಗೀಬಹುದು. ಆದ್ರೆ ಲಾಗಿನ್ ಬೇಕು, ನೆಟ್ ಬೇಕು.

ನಂದಿಬೆಟ್ಟ ಬೈಕರ್ | ಗುರುವಾರ ಮಧ್ಯಾಹ್ನ 2:31

ಡಾವಿಂಚಿ ರಿಸಾಲ್ವ್ ಯಾರೂ ಹೇಳ್ಲೇ ಇಲ್ಲ? ಪುಕ್ಕಟೆ ಆವೃತ್ತೀಲೇ 4ಕೆ ತನಕ ಹೋಗುತ್ತೆ.

ಸ್ಟುಡಿಯೋ ಅಣ್ಣ | ಗುರುವಾರ ಮಧ್ಯಾಹ್ನ 2:50

ಒಳ್ಳೇ ಸಾಫ್ಟ್‌ವೇರೇ, ಆದ್ರೆ ಅದು 16 ಜಿಬಿ ರ‍್ಯಾಮ್ ಕೇಳುತ್ತೆ, ಗಟ್ಟಿ ಗ್ರಾಫಿಕ್ ಕಾರ್ಡ್ ಕೇಳುತ್ತೆ. ಅಕ್ಕಂದು ಜಿಟಿ 710, ಕೆಪ್ಲರ್ ಪೀಳಿಗೆ. ಅದರ ಡ್ರೈವರಲ್ಲಿ, ಅಂದ್ರೆ ಕಾರ್ಡ್ ನಡೆಸೋ ಸಾಫ್ಟ್‌ವೇರಲ್ಲಿ, ಹೊಸ ಸೌಲಭ್ಯ ಸೇರಿಸೋದನ್ನ ಎನ್ವಿಡಿಯಾ 2021ರಲ್ಲೇ ನಿಲ್ಲಿಸ್ತು. ಅಪ್‌ಡೇಟ್ ಒತ್ತೋಕೆ ಮುಂಚೆ ನೋಡ್ಬೇಕಾದ್ದು ಇದೇ: ಹೊಸ ಸಾಫ್ಟ್‌ವೇರ್ ಹೊಸ ಡ್ರೈವರ್ ಕೇಳುತ್ತೆ, ಹೊಸ ಡ್ರೈವರ್ ಹೊಸ ಕಾರ್ಡ್ ಕೇಳುತ್ತೆ, ಹೊಸ ಕಾರ್ಡಿಗೆ ಪವರ್ ಸಪ್ಲೈ ಸಾಲಲ್ಲ. ಕುದುರೆ ಲಾಳ ಸಿಕ್ತು ಅಂತ ಕುದುರೆ ಕೊಳ್ಳೋಕೆ ಹೋದಂಗೆ.

ರಿಸಾಲ್ವಲ್ಲೂ ಹೊಸ ಆವೃತ್ತಿಗೆ ಏರಿಸಿದ ಪ್ರಾಜೆಕ್ಟ್ ಹಳೇದಕ್ಕೆ ವಾಪಸ್ ಬರಲ್ಲ. ಡೇಟಾಬೇಸ್ ಬ್ಯಾಕಪ್ ತೆಗೆದಿಟ್ಕೊಂಡೇ ಏರಿಸ್ಬೇಕು.

ಅಕ್ಕ, ಬೆರಳಿನ ವಿಚಾರ. ಟೇಪಿನ ಚಿತ್ರ 720 ಇಂಟು 576, ಸೆಕೆಂಡಿಗೆ 25. ಆದ್ರೆ ಒಂದೊಂದು ಚಿತ್ರದಲ್ಲೂ ಎರಡು ಅರ್ಧ ಇರುತ್ತೆ. ಒಂದರಲ್ಲಿ ಸಮ ಗೆರೆ, ಇನ್ನೊಂದರಲ್ಲಿ ಬೆಸ ಗೆರೆ, ಎರಡಕ್ಕೂ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಅಂತರ. ಕಂಬ, ಗೋಡೆ ಆದ್ರೆ ಗೊತ್ತಾಗಲ್ಲ. ಅವರೆಕಾಳು ಹಿತಕೋ ಕೈ ಚುರುಕು, ಅಷ್ಟರಲ್ಲಿ ಬೆರಳು ಮುಂದೆ ಹೋಗಿರುತ್ತೆ. ಅದೇ ನಿಮ್ಮ ಬಾಚಣಿಗೆ. ಪ್ರಾಜೆಕ್ಟ್ ಬದಲಾಯಿಸುವಾಗ ಟೇಪಿನ ಕ್ಲಿಪ್ಪನ್ನ "ಪ್ರೊಗ್ರೆಸಿವ್", ಅಂದ್ರೆ ಅರ್ಧ ಅರ್ಧ ಅಲ್ಲದ ಇಡೀ ಚಿತ್ರ, ಅಂದ್ಕೊಂಡಿರುತ್ತೆ. ಕ್ಲಿಪ್ ಪ್ರಾಪರ್ಟೀಸ್‌ಗೆ ಹೋಗಿ "ಇಂಟರ್‌ಲೇಸ್ಡ್, ಲೋಯರ್ ಫೀಲ್ಡ್ ಫಸ್ಟ್" ಮಾಡಿ. ಡಿವಿ ಟೇಪ್‌ಗೆ ಯಾವಾಗ್ಲೂ ಲೋಯರ್. ಅಪ್ಪರ್ ಕೊಟ್ರೆ ಕೈ ಮುಂದೆ ಹಿಂದೆ ಜಗ್ಗಿದಂಗೆ ಆಗುತ್ತೆ.

ಗುಬ್ಬಿಗೇಟ್ ಅಕ್ಕ | ಗುರುವಾರ ಸಂಜೆ 6:15

ಟೇಪಿನ ಕ್ಲಿಪ್ 61 ಇದೆ ಅಣ್ಣ. ಒಂದೊಂದೇ ಮಾಡ್ಬೇಕಾ?

ಸ್ಟುಡಿಯೋ ಅಣ್ಣ | ಗುರುವಾರ ಸಂಜೆ 6:40

ಬೇಡ ಬೇಡ. ನೀವು ಹಳೇದಕ್ಕೇ ವಾಪಸ್ ಹೋಗೋದು ಒಳ್ಳೇದು. ಡಾಕ್ಯುಮೆಂಟ್ಸ್ ಫೋಲ್ಡರಲ್ಲಿ ಸಾಫ್ಟ್‌ವೇರಿನ ಹೆಸರಿರೋ ಫೋಲ್ಡರ್ ತೆಗೀರಿ. "ಬ್ಯಾಕಪ್" ಅಥವಾ "ಆಟೋಸೇವ್" ಅಂತ ಒಂದು ಇರುತ್ತೆ. ಬುಧವಾರಕ್ಕಿಂತ ಹಿಂದಿನ ತಾರೀಖಿನ ಫೈಲ್ ಹುಡುಕಿ. ಹಳೇ ಡಿವಿಡಿ ಡಬ್ಬಿ ಇದ್ಯಾ?

ಗುಬ್ಬಿಗೇಟ್ ಅಕ್ಕ | ಗುರುವಾರ ರಾತ್ರಿ 9:30

ಸೋಮವಾರ ರಾತ್ರಿದು ಒಂದು ಸಿಕ್ತು! ಡಬ್ಬಿ ಅಟ್ಟದ ಮೇಲೆ, ಹಳೇ ಲಗ್ನಪತ್ರಿಕೆಗಳ ಕಟ್ಟಿನ ಕೆಳಗಿತ್ತು. ಕೀ ಇರೋ ಚೀಟಿ ಡಬ್ಬಿ ಒಳಗೇ ಅಂಟಿಸಿದೆ. ಅಮ್ಮ "ಏನ್ ಹುಡುಕ್ತಿದ್ದೀಯೇ?" ಅಂದ್ರು. "ಅಜ್ಜಿನ" ಅಂದೆ. ಬೈದ್ರು.

ಕೋಲಾರದ ಹುಡ್ಗ | ಗುರುವಾರ ರಾತ್ರಿ 9:41

ಡಬ್ಬಿ ಯಾಕಕ್ಕ, ಕ್ರ್ಯಾಕ್ ಸಿಗುತ್ತೆ, ಲಿಂಕ್ ಕಳಿಸ್ಲಾ?

ಹುಣಸೆ ತೋಪು | ಗುರುವಾರ ರಾತ್ರಿ 9:50

ಬೇಡಪ್ಪ. ನನ್ನ ಗೆಳೆಯ ಒಬ್ಬ ಫೋಟೊ ಅಂಗಡಿ ಇಟ್ಕೊಂಡಿದ್ದ. ಯಾವ್ದೋ ಕ್ರ್ಯಾಕ್ ಹಾಕ್ದ, ಅಡ್ಡ ಬರುತ್ತೆ ಅಂತ ಆಂಟಿವೈರಸ್ ಆಫ್ ಮಾಡ್ದ. ಬೆಳಗ್ಗೆ ಎದ್ದು ನೋಡಿದ್ರೆ ಎಲ್ಲಾ ಫೈಲಿಗೂ ಬೀಗ, ಬಿಚ್ಚೋಕೆ ದುಡ್ಡು ಕೇಳೋ ಪತ್ರ. ಹನ್ನೊಂದು ಮದುವೆ. ಹನ್ನೊಂದು ಮನೆ ಬಾಗಿಲಿಗೆ ಹೋಗಿ ಕೈ ಮುಗ್ದು ನಿಂತ. ಒಂದು ಮನೇಲಿ ಹುಡುಗಿ ತಂದೆ ಆ ನಡುವೆ ತೀರ್ಕೊಂಡಿದ್ರು. ಆ ಮನೇದು ಮಾತ್ರ ನನಗೆ ಹೇಳೋಕೆ ಆಗಲ್ಲ.

ಕೋಲಾರದ ಹುಡ್ಗ | ಗುರುವಾರ ರಾತ್ರಿ 9:53

ಸರಿ ಸಾರ್. ಸಾರಿ.

ಮುಳಬಾಗಿಲು ದೋಸೆ | ಗುರುವಾರ ರಾತ್ರಿ 10:20

ಮಧ್ಯದಲ್ಲಿ ಬಾಯಿ ಹಾಕ್ತೀನಿ, ಕ್ಷಮಿಸಿ. ಈ ಸಲ ಸೊಗಡವರೆ ಎಲ್ಲಿ ಚೆನ್ನಾಗಿ ಬಂದಿದೆ? ಇಲ್ಲಿ ಮಾರೋದೆಲ್ಲ ವಾಸನೆನೇ ಇಲ್ಲದ್ದು.

ಚಿಂತಾಮಣಿ ಕಡ್ಲೇಕಾಯಿ | ಗುರುವಾರ ರಾತ್ರಿ 10:24

ನಮ್ಮ ಕಡೆ ಬನ್ನಿ. ಕಾಯಿ ಮುಟ್ಟಿದ ಕೈಗೆ ಮಾರನೇ ದಿನದವರೆಗೂ ಘಮ ಇರ್ಬೇಕು. ಇಲ್ದಿದ್ರೆ ಅದು ಅವರೆ ಅಲ್ಲ.

ಶಿರಾ ಗೇಟ್ | ಗುರುವಾರ ರಾತ್ರಿ 10:31

ಹಿತಕಿದ ಬೇಳೆ ಸಾರಿಗೆ ರಾಗಿ ಮುದ್ದೆ. ಅನ್ನ ಅಂದೋರು ಆಚೆ ಹೋಗಿ.

ಪಾವಗಡದ ಬಿಸಿಲು | ಶುಕ್ರವಾರ ಬೆಳಗ್ಗೆ 8:05

ಒಂದು ಸಂಶಯ. ನಮ್ಮನೇಲೂ ಆರು ಮಿನಿ ಡಿವಿ ಟೇಪ್ ಬಿದ್ದಿವೆ. ಕಂಪ್ಯೂಟರಿಗೆ ಇಳಿಸಿದ್ರೆ ಎಷ್ಟು ಜಾಗ ತಗೊಳ್ಳುತ್ತೆ?

ಸ್ಟುಡಿಯೋ ಅಣ್ಣ | ಶುಕ್ರವಾರ ಬೆಳಗ್ಗೆ 8:40

ಗಂಟೆಗೆ ಸುಮಾರು 13 ಜಿಬಿ. ಇಳಿಸೋಕೆ ಫೈರ್‌ವೈರ್ ಇರೋ ಕಂಪ್ಯೂಟರ್ ಬೇಕು, ಈಗಿನ ಮೆಷಿನಲ್ಲಿ ಆ ಕಿಂಡಿ ಇರಲ್ಲ. ಮೊದಲು ಟೇಪನ್ನ ಬೆಳಕಿಗೆ ಹಿಡಿದು ಬೂಷ್ಟು ಬಂದಿದ್ಯಾ ನೋಡಿ. ಬೂಷ್ಟು ಇದ್ರೆ ಕ್ಯಾಮೆರಾಗೆ ಹಾಕ್ಬೇಡಿ, ಹೆಡ್ಡಿಗೆ ಮೆತ್ಕೊಂಡು ಮುಂದಿನ ಟೇಪೂ ಹಾಳಾಗುತ್ತೆ. ಜಾಗ ಉಳಿಸೋಕೆ ಅಂತ ಎಂಪಿ4 ಮಾಡಿ ಮೂಲ ಅಳಿಸ್ಬೇಡಿ. ಸಾಫ್ಟ್‌ವೇರ್ ಬರುತ್ತೆ ಹೋಗುತ್ತೆ, ಮೂಲದ ಫೈಲ್ ಇದ್ರೆ ಯಾವತ್ತಾದ್ರೂ ಮತ್ತೆ ಕತ್ತರಿಸಿ ಅಂಟಿಸ್ಬಹುದು.

ನಂದಿಬೆಟ್ಟ ಬೈಕರ್ | ಶುಕ್ರವಾರ ಬೆಳಗ್ಗೆ 9:15

ಅಣ್ಣ, ಹಂಗಾದ್ರೆ ನೀವು ಯಾವತ್ತೂ ಅಪ್‌ಡೇಟ್ ಮಾಡಲ್ವಾ?

ಸ್ಟುಡಿಯೋ ಅಣ್ಣ | ಶುಕ್ರವಾರ ಬೆಳಗ್ಗೆ 9:48

ಮಾಡ್ತೀನಿ. ಆಷಾಢದಲ್ಲಿ.

ತಮಾಷೆ ಅಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿ ಖಾಲಿ. ಆಗ ಕೈಲಿರೋ ಕೆಲ್ಸ ಎಲ್ಲ ಮುಗಿಸಿ ಗಿರಾಕಿಗೆ ಕೊಟ್ಟಿರ್ತೀನಿ. ಹಳೇ ಆವೃತ್ತಿಯ ಇನ್‌ಸ್ಟಾಲರು ಬೇರೆ ಡಿಸ್ಕಿಗೆ, ಕೀ ನೋಟ್‌ಬುಕ್ಕಿಗೆ. ಸಿ ಡ್ರೈವನ್ನ ಇಡಿಯಾಗಿ ಇಮೇಜ್, ಅಂದ್ರೆ ಪಡಿಯಚ್ಚು, ತೆಗೆದಿಡ್ತೀನಿ. ಆಮೇಲೆ ಏರಿಸಿ, ಹಳೇ ಮದುವೆ ಒಂದರ ನಕಲು ಪ್ರಾಜೆಕ್ಟ್ ತೆಗೆದು ವಾರ ಆಡಿಸ್ತೀನಿ. ಸರಿ ಬಂದ್ರೆ ಶ್ರಾವಣಕ್ಕೆ ಹೊಸದು. ಬರ್ಲಿಲ್ಲ ಅಂದ್ರೆ ಇಮೇಜ್ ವಾಪಸ್ ಹಾಕಿ ಮುಂದಿನ ಆಷಾಢ. ನಕಲು ಅನ್ನೋದು ಗಮನಿಸಿ. ಅಸಲಿ ಪ್ರಾಜೆಕ್ಟನ್ನ ಹೊಸ ಸಾಫ್ಟ್‌ವೇರ್ ಕೈಗೆ ಕೊಡಲ್ಲ.

ಲಿನಕ್ಸ್ ಮೇಷ್ಟ್ರು | ಶುಕ್ರವಾರ ಬೆಳಗ್ಗೆ 10:02

ಈ ಪದ್ಧತಿಗೆ ನನ್ನ ಪೂರ್ಣ ಸಮ್ಮತಿ. ಸಾಫ್ಟ್‌ವೇರ್ ಯಾವುದಾದ್ರೂ ಸರಿ.

ಶಿರಾ ಗೇಟ್ | ಶುಕ್ರವಾರ ಬೆಳಗ್ಗೆ 10:03

ಇದನ್ನ ಯಾರಾದ್ರೂ ಸ್ಕ್ರೀನ್‌ಶಾಟ್ ತಗೊಳ್ರಪ್ಪ.

ಗುಬ್ಬಿಗೇಟ್ ಅಕ್ಕ | ಶುಕ್ರವಾರ ರಾತ್ರಿ 11:10

ಹೊಸದನ್ನ ಕಿತ್ತು ಹಳೇದು ಹಾಕ್ದೆ. ಸೋಮವಾರದ ಫೈಲ್ ತೆಗೆದ್ರೆ ಎಲ್ಲಾ ಇದ್ದ ಹಾಗೇ ಇದೆ. ಹೆಸರು ಸರಿ, ಬೆರಳು ಸರಿ. ಮಂಗಳವಾರ, ಬುಧವಾರ ಮಾಡಿದ್ದು ಹೋಯ್ತು, ನಾಲ್ಕು ಗಂಟೆ ಕೂತು ಮತ್ತೆ ಮಾಡ್ದೆ. ಐಫೋನ್ ತುಣುಕೂ ಸೇರಿಸ್ದೆ. ಹೆಸರುಗಳನ್ನ ಹುಣಸೆ ತೋಪಿನವರು ಹೇಳಿದಂಗೆ ಚಿತ್ರ ಮಾಡಿಟ್ಟೆ.

ಎಕ್ಸ್‌ಪೋರ್ಟ್‌ಗೆ ಕೊಟ್ಟು ಅಡುಗೆಮನೆಗೆ ಹೋದೆ. 92 ಪರ್ಸೆಂಟ್‌ಗೆ ಬಂದಾಗ ಕರೆಂಟ್ ಹೋಯ್ತು.

ಮುಳಬಾಗಿಲು ದೋಸೆ | ಶುಕ್ರವಾರ ರಾತ್ರಿ 11:12

ಅಯ್ಯೋ ದೇವ್ರೇ.

ಸ್ಟುಡಿಯೋ ಅಣ್ಣ | ಶುಕ್ರವಾರ ರಾತ್ರಿ 11:20

ಏನೂ ಆಗಿರಲ್ಲ. ಅರ್ಧ ಬೆಂದ ಫೈಲ್ ಅಳಿಸಿ, ಬೆಳಗ್ಗೆ ಮತ್ತೆ ಕೊಡಿ. ಪಕ್ಕದ ಮನೇಲಿ ಯುಪಿಎಸ್ ಇದ್ರೆ ಕೇಳಿ ತನ್ನಿ. ಟಿವಿಗೆ ಹಾಕೋ ಪೆನ್‌ಡ್ರೈವು ಎಫ್‌ಎಟಿ32 ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ. 22 ನಿಮಿಷಕ್ಕೆ ಅಷ್ಟಾಗಲ್ಲ, ಆದ್ರೂ ಹೇಳಿದೆ. ಶನಿವಾರ ಸಂಜೆನೇ ಆ ಟಿವಿಗೇ ಹಾಕಿ ಪೂರ್ತಿ ನೋಡಿ.

ಗುಬ್ಬಿಗೇಟ್ ಅಕ್ಕ | ಭಾನುವಾರ ರಾತ್ರಿ 10:35

ಹಾಕಿದ್ವಿ. ಹಜಾರದಲ್ಲಿ ಜಾಗ ಇರ್ಲಿಲ್ಲ, ಮಕ್ಕಳು ಕಿಟಕೀಲಿ. ಅಜ್ಜಿ ಅವರೆಕಾಳು ಹಿತಕೋ ಜಾಗಕ್ಕೆ ಬಂದಾಗ ದೊಡ್ಡತ್ತೆ ತಾವೂ ಸಣ್ಣಗೆ ದನಿ ಸೇರಿಸಿದ್ರು, ಅವರ ಹಿಂದೆ ಚಿಕ್ಕತ್ತೆ. ಟೇಪಲ್ಲಿ ಅಜ್ಜಿ ನಡುವೆ ನಿಲ್ಲಿಸಿ "ಆ ಮೊರ ಈ ಕಡೆ ತಳ್ಳೇ" ಅಂತಾರೆ. ಯಾರಿಗೆ ಹೇಳಿದ್ದು ಅಂತ ನಂಗೆ ಇವತ್ತಿನವರೆಗೂ ಗೊತ್ತಿರ್ಲಿಲ್ಲ. ನಮ್ಮಮ್ಮ "ನಂಗೇ ಹೇಳಿದ್ದು" ಅಂದ್ರು.

ಮಾವ ಮಾತ್ರ ಆಮೇಲೆ ಪಕ್ಕಕ್ಕೆ ಕರೆದು, "ಅದು 2005 ಅಲ್ಲಮ್ಮ, 2004ರ ಡಿಸೆಂಬರ್" ಅಂದ್ರು. ಬರೆದಿರೋದು 2005. ಇಪ್ಪತ್ತು ಜನ ಕಾಪಿ ಕೇಳಿದ್ದಾರೆ, ಆ ಒಂದು ಚಿತ್ರ ಬದಲಾಯಿಸಿ ಮತ್ತೆ ತೆಗೀಬೇಕು. ಎಲ್ಲರಿಗೂ, ಮುಖ್ಯವಾಗಿ ತಿಪಟೂರಿನ ಅಣ್ಣಂಗೆ, ಏನು ಹೇಳ್ಲಿ ಗೊತ್ತಾಗ್ತಿಲ್ಲ. ಈ ಕಡೆ ಬಂದ್ರೆ ಮನೆಗೆ ಬರ್ಲೇಬೇಕು.

ಸ್ಟುಡಿಯೋ ಅಣ್ಣ | ಭಾನುವಾರ ರಾತ್ರಿ 10:50

ಬರ್ತೀನಕ್ಕ. ಅವರೆ ಮುಗಿಯೋದ್ರೊಳಗೆ.

ಹೊಸಬ 77 (ಗೌರಿಬಿದನೂರು) | ಸೋಮವಾರ ಬೆಳಗ್ಗೆ 7:18

ಎಲ್ಲಾ ಓದೋಕೆ ಟೈಮಿಲ್ಲ, ಒಂದೇ ಪ್ರಶ್ನೆ. ಎಡಿಟಿಂಗ್ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟಿದ್ದೀನಿ, ಡೌನ್‌ಲೋಡ್ 40 ಪರ್ಸೆಂಟ್ ಆಗಿದೆ. ನಾಮಕರಣದ ವಿಡಿಯೊ ಅರ್ಧ ಆಗಿದೆ, ಏನೂ ತೊಂದ್ರೆ ಆಗಲ್ಲ ಅಲ್ವಾ?

ಶಿರಾ ಗೇಟ್ | ಸೋಮವಾರ ಬೆಳಗ್ಗೆ 7:19

ಅಣ್ಣಾ, ಓಡಿ ಬನ್ನಿ.

ಸ್ಟುಡಿಯೋ ಅಣ್ಣ | ಸೋಮವಾರ ಬೆಳಗ್ಗೆ 7:21

ಕ್ಯಾನ್ಸಲ್ ಒತ್ತಿ. ಪ್ರಾಜೆಕ್ಟ್ ಫೋಲ್ಡರನ್ನ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಮಾತಾಡೋಣ.